ಮೊಳೆಮೇಜಿನ ಪಂಡಿತರು

ರವಿವಾರ ಅಂದರೆ ಜನ ತಲೆಗೆ ಎಣ್ಣೆ ಹಚ್ಚಿ ಎರೆದುಕೊಳ್ಳುತ್ತಾರೆ, ಉಂಡು ಒಂದಿಷ್ಟು ಅಡ್ಡಾಗುತ್ತಾರೆ. ಪುಣೆಯಲ್ಲಿ ನಾವಿದ್ದ ವಾಡೆಯಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಇತ್ತು. ನಮ್ಮ ಮನೆಗೆ ಮಾತ್ರ ಆ ದಿನ ನಾಲ್ಕು ಜನ ಪಂಡಿತರು ಬರುತ್ತಿದ್ದರು. ವೇದದ ಪಂಡಿತರಲ್ಲ, ಸಂಗೀತದವರೂ ಅಲ್ಲ. ಮೊಳೆಮೇಜಿನ ಪಂಡಿತರು! ನನಗೆ ವಯಸ್ಸಾಯಿತು, ಹಲ್ಲು ಬಿದ್ದವು, ಕಣ್ಣು ಮಂಜಾದವು. ಆ ನಾಲ್ವರ ಮೇಲಿನ ಸಿಟ್ಟು ಮಾತ್ರ ಇದ್ದಷ್ಟೇ ಇದೆ.

ಮೊಳೆಮೇಜು ಅಂದರೆ ಈಗಿನ ಹುಡುಗರು ಪಿನ್‌ಬಾಲ್ ಅನ್ನುತ್ತಾರಲ್ಲ, ಅದರ ಹಳೆಯ ಕಾಲದ ರೂಪ. ಗಾಜು ಮುಚ್ಚಿದ ಉದ್ದನೆಯ ಮೇಜು, ಆಡುವವರ ಕಡೆಗೆ ತುಸು ಇಳಿಜಾರು. ಬಲಮೂಲೆಯ ಹಿಡಿಕೆ ಎಳೆದು ಬಿಟ್ಟರೆ ಸ್ಪ್ರಿಂಗು ಉಕ್ಕಿನ ಗುಂಡನ್ನು ಮೇಲಕ್ಕೆ ಹೊಡೆಯುತ್ತದೆ. ಗುಂಡು ಮೊಳೆಗಳಿಗೆ ಬಡಿದುಕೊಳ್ಳುತ್ತ ಕೆಳಗಿಳಿದು ಯಾವುದೋ ಗುಳಿಗೆ ಬೀಳುತ್ತದೆ. ನಟ್ಟನಡುವಿನ ಗುಳಿಗೆ ಬಿದ್ದರೆ ಗಂಟೆ ಹೊಡೆಯುತ್ತದೆ. ಇಷ್ಟೇ. ಇಷ್ಟಕ್ಕೆ ಮೀಸೆ ಹೊತ್ತ ಗಂಡಸರು ಗಂಟೆಗಟ್ಟಲೆ ಚರ್ಚೆ ಮಾಡುತ್ತಿದ್ದರು.

ಅದು ಎರಡನೆಯ ಯುದ್ಧದ ಕಾಲ. ಪುಣೆಯ ದಂಡಿನ ಕ್ಯಾಂಪಿನ ತುಂಬ ಗೋರಾ ಸಿಪಾಯಿಗಳು, ಅವರ ಕ್ಲಬ್ಬುಗಳಲ್ಲಿ ವಿಲಾಯತಿ ಮೊಳೆಮೇಜುಗಳು. ಅಂಥದ್ದೊಂದು ಹಳೆಯದಾಗಿ ಹರಾಜಿಗೆ ಬಂದಾಗ ಮಂಗಳೂರು ಕಡೆಯ ಒಬ್ಬ ಹೊಟೇಲ್ ಮಾಲೀಕರು ಕೊಂಡು ತಂದು ತಮ್ಮ ಹೊಟೇಲಿನ ಮುಂಬಾಗಿಲ ಹತ್ತಿರ ಇಟ್ಟರು. ನಮ್ಮ ಪಂಡಿತರು ವಿದ್ಯೆ ಕಲಿತದ್ದು ಅದರ ಮೇಲೆ. ನಾಲ್ವರೂ ಧಾರವಾಡ, ಗದಗಿನ ಕಡೆಯವರೇ. ಹಿರಿಯರೊಬ್ಬರು ಕೋರ್ಟಿನಲ್ಲಿ ಗುಮಾಸ್ತರು. ಮಾತೆಲ್ಲ ಅವರದೇ. ಎರಡನೆಯವರು ಇಂದಾಪುರದ ಸಂತೆಯವರೆಗೂ ಅರಿವೆ ಒಯ್ದು ಮಾರುವ ವ್ಯಾಪಾರಿ. ಉಳಿದಿಬ್ಬರು ಗುಮಾಸ್ತರು ಅಂದದ್ದಕ್ಕೆಲ್ಲ "ಹೌದ್ರಿ, ಖರೇ ಅದ" ಅನ್ನುವುದಕ್ಕೇ ಹುಟ್ಟಿದವರು.

ನಮ್ಮ ಮನೆಯವರು ಬಡಿಗತನದವರು. ಊರಲ್ಲಿದ್ದಾಗ ತೊಟ್ಟಿಲು, ತೂಗುಮಂಚ ಮಾಡುತ್ತಿದ್ದರು. ಅವರು ಮಾಡಿದ ತೊಟ್ಟಿಲು ತೂಗಿದರೆ ಕಿರ್ ಅನ್ನುತ್ತಿರಲಿಲ್ಲ. ಪುಣೆಗೆ ಬಂದ ಮೇಲೆ ಒಂದು ಕಾರ್ಖಾನೆಯಲ್ಲಿ ಮದ್ದುಗುಂಡಿನ ಪೆಟ್ಟಿಗೆಗೆ ಮುಚ್ಚಳ ಹೊಡೆಯುವ ದಿನಗೂಲಿ ಕೆಲಸ ಸಿಕ್ಕಿತು. ಬೆಳಗಿನಿಂದ ಸಂಜೆಯವರೆಗೆ ಮುಚ್ಚಳ, ಮರುದಿನ ಮತ್ತೆ ಮುಚ್ಚಳ. ಮನೆಗೆ ಬಂದರೆ ಮಾತಿಲ್ಲ ಕತೆಯಿಲ್ಲ, ಗೋಡೆಗೆ ಒರಗಿ ಕೂತುಬಿಡುತ್ತಿದ್ದರು. ಅದೂ ಹೋಗಲಿ ಅಂದರೆ ಆ ಮಳೆಗಾಲದಲ್ಲಿ ಹೊಸ ಸುದ್ದಿ ಬಂತು: ದೀಪಾವಳಿ ಮುಗಿದ ಮೇಲೆ ಬಡಿಗರನ್ನೆಲ್ಲ ಉತ್ತರದ ಯಾವುದೋ ಡಿಪೋಕ್ಕೆ ಕಳಿಸುತ್ತಾರೆ, ಸಂಸಾರ ಒಯ್ಯುವ ಹಾಗಿಲ್ಲ. ಹೋಗದಿದ್ದರೆ ಕೆಲಸ ಬಿಡಬೇಕು. ಬಿಟ್ಟರೆ ತಿನ್ನುವುದೇನು?

ಅದೇ ಹೊತ್ತಿಗೆ ಹೊಟೇಲಿನ ಹಳೆಯ ಮೇಜು ಮುಪ್ಪಾಗಿತ್ತು. ಸ್ಪ್ರಿಂಗು ಸೋತಿತ್ತು, ಹಲಗೆ ಸೀಳಿತ್ತು. ಅದನ್ನು ರಿಪೇರಿ ಮಾಡಲು ಹೋದ ನಮ್ಮ ಮನೆಯವರಿಗೆ ಮಾಲೀಕರು ಒಂದು ಮಾತು ಹೇಳಿ ಕಳಿಸಿದರು.

"ನೀವೇ ಒಂದು ಹೊಸತು ಮಾಡಿ ಮಾರಾಯ್ರೆ. ನಾನು ಇನ್ನೆರಡು ಹೊಟೇಲು ತೆಗೆಯುವವನಿದ್ದೇನೆ, ಅಲ್ಲಿಗೂ ಬೇಕು. ಸ್ನೇಹಿತರ ಹೊಟೇಲುಗಳಿಗೂ ಹೇಳುತ್ತೇನೆ. ಆದರೆ ನಮ್ಮ ಆ ನಾಲ್ಕು ಗಿರಾಕಿಗಳು ಆಡಿ ನೋಡಿ ಸರಿ ಉಂಟು ಅನ್ನಬೇಕು. ಕೂತು ಕಾಫಿ ಕುಡಿಯುವವರು ಅವರಲ್ವಾ? ಅವರು ಬೇಡ ಅಂದರೆ ನನಗೂ ಬೇಡ."

ಅಂದರೆ ನನ್ನ ಗಂಡ ಮನೆಯಲ್ಲಿರಬೇಕೋ ಉತ್ತರಕ್ಕೆ ಹೋಗಬೇಕೋ ಅನ್ನುವುದು ಈಗ ಆ ನಾಲ್ವರ ಬಾಯಲ್ಲಿ! ಯಾರ ಹಣೆಬರಹ ಯಾರ ಕೈಯಲ್ಲಿ ನೋಡಿ.

ಮಳೆಗಾಲವಿಡೀ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಆ ಮೇಜು ಬೆಳೆಯಿತು. ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದದ್ದೇ ತಡ, ಕೆಲಸಕ್ಕೆ ಕೂತುಬಿಡುತ್ತಿದ್ದರು. ಮತ್ತೆ ಮಾತಾಡತೊಡಗಿದರು, ಒಮ್ಮೊಮ್ಮೆ ಪದವನ್ನೂ ಗುನುಗುತ್ತಿದ್ದರು. ಒಲೆಯ ಮುಂದೆ ಹೊಟ್ಟು, ಹಿಟ್ಟಿನಲ್ಲಿ ಹೊಟ್ಟು, ನನ್ನ ತಲೆಯಲ್ಲೂ ಹೊಟ್ಟು. ನಾನು ಬೈದೆನೇ? ಒಂದು ಮಾತೂ ಬೈಯಲಿಲ್ಲ. ಮುಗಿದ ದಿನ ಅವರು ಮೇಜನ್ನು ನೆಲದ ಫರಸಿಯ ಮೇಲೆ ನಿಲ್ಲಿಸಿ, ಅಡ್ಡಕ್ಕೆ ರಸಮಟ್ಟ ಇಟ್ಟರು. ರಸಮಟ್ಟ ಅಂದರೆ ಗಾಜಿನ ನಳಿಗೆಯಲ್ಲಿ ನೀರಿನ ಗುಳ್ಳೆಯಿರುವ ಪಟ್ಟಿ. ಗುಳ್ಳೆ ನಡುವೆ ನಿಂತರೆ ಸಾಮಾನು ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ ಅಂತ ಅರ್ಥ. ಗುಳ್ಳೆ ನಟ್ಟನಡುವೆ ಕೂತಿತು.

"ಆಡಿ ನೋಡತೀಯೇನು?" ಅಂದರು.

ಆಡಿದೆ. ಯಾಕೆ ಸುಳ್ಳು ಹೇಳಲಿ, ಹುಚ್ಚೇ ಹಿಡಿಯಿತು. ಆಮೇಲೆ ಅವರು ಕಾರ್ಖಾನೆಗೆ ಹೋದ ಮೇಲೆ ಮುಸುರೆ ತಿಕ್ಕಿ ನೆಲ ಒರೆಸಿ ದಿನಾ ಆಡುತ್ತಿದ್ದೆ. ಎಷ್ಟು ಎಳೆದರೆ ಗುಂಡು ಎಲ್ಲಿ ತಿರುಗುತ್ತದೆ ಅನ್ನುವುದು ಕೈಗೆ ತಿಳಿಯಿತು. ಮೇಜು ಮೋಸ ಮಾಡುತ್ತಿರಲಿಲ್ಲ. ಗಂಟೆ ಹೊಡೆದರೆ ಪಕ್ಕದ ಮನೆಯ ಮುದುಕಿ "ಕಾಯ ಗ, ಆರತಿ ಝಾಲೀ ಕಾ?" ಎಂದು ಮರಾಠಿಯಲ್ಲಿ ಕೂಗುತ್ತಿದ್ದಳು, ನಮ್ಮ ಮನೆಯಲ್ಲಿ ಮಂಗಳಾರತಿ ಆಯಿತು ಅಂದುಕೊಂಡು.

ಮೊದಲ ರವಿವಾರ ಪಂಡಿತರು ಬಂದರು. ಬಂದವರೇ ಮೇಜಿನ ಸುತ್ತ ಒಂದು ಸುತ್ತು ಹಾಕಿ, ಹೆಣ್ಣು ನೋಡಲು ಬಂದವರ ಹಾಗೆ ಮುಖ ಬಿಗಿದುಕೊಂಡು ಕೂತರು. ನಾನು ಚಹಾ ಕೊಟ್ಟೆ, ಚೂಡಾ ಕೊಟ್ಟೆ. ಸಕ್ಕರೆ ರೇಶನ್ನಿನಲ್ಲಿ ಹಿಡಿಯಷ್ಟು ಸಿಗುತ್ತಿದ್ದ ಕಾಲ. ನಾವಿಬ್ಬರೂ ಬೆಲ್ಲದ ಚಹಾ ಕುಡಿದು ಉಳಿಸಿದ ಸಕ್ಕರೆ ಅದು.

ಗುಮಾಸ್ತರು ಅಂಗಿಯ ತೋಳು ಮಡಚಿ ಹಿಡಿಕೆ ಎಳೆದರು. ಗುಂಡು ಹೋಯಿತು, ಇಳಿಯಿತು, ಅವರು ಅಂದುಕೊಂಡ ಗುಳಿ ಬಿಟ್ಟು ಅದರ ಬಲಕ್ಕೆ ಬಿತ್ತು. ಮತ್ತೆ ಎಳೆದರು. ಮತ್ತೆ ಬಲಕ್ಕೆ. ಅರಿವೆ ವ್ಯಾಪಾರಿ ಆಡಿದರೂ ಬಲಕ್ಕೆ. ಉಳಿದಿಬ್ಬರು ಆಡುವ ಮೊದಲೇ "ಬಲಕ್ಕ ಹೊಂಟದ ನೋಡ್ರಿ" ಎಂದು ತಲೆ ಅಲ್ಲಾಡಿಸಿದರು.

"ಕೆಲಸ ನಾಜೂಕ ಅದರೀ. ಆದ್ರ ಮೇಜು ಬಲಕ್ಕ ವಾಲೇದ" ಅಂದರು ಗುಮಾಸ್ತರು, ತೀರ್ಪು ಓದುವ ಧಾಟಿಯಲ್ಲಿ.

ನಮ್ಮ ಮನೆಯವರು ರಸಮಟ್ಟ ತಂದು ಇಟ್ಟರು. ಗುಳ್ಳೆ ನಡುವೆ ನಿಂತಿತು.

"ಆ ನಳಗೀ ತಗೊಂಡು ಏನ ಮಾಡೋದ್ರಿ? ಎಷ್ಟು ವರ್ಷದಿಂದ ಆಡಾಕತ್ತೀವಿ, ನಮ್ಮ ಕೈ ಸುಳ್ಳ ಹೇಳತದೇನು? ವಿಲಾಯತಿ ಮೇಜಿನ ಮ್ಯಾಲ ಇದೇ ಕೈಲೆ ಹೊಡದ್ರ ಸೀದಾ ನಡುವಿನ ಗುಳಿಗೆ ಬೀಳತದ."

ನನಗೆ ತಡೆಯಲಾಗಲಿಲ್ಲ. ಒಲೆಯ ಮುಂದಿನಿಂದಲೇ ಹೇಳಿದೆ: "ನಾ ದಿನಾ ಆಡತೀನ್ರಿ. ಎಲ್ಲೂ ವಾಲೂದಿಲ್ಲ ಅದು. ಬೇಕಂದ್ರ ಈಗ ಆಡಿ ತೋರಸ್ತೀನಿ."

ನಾಲ್ವರೂ ನಕ್ಕರು. ಎಂಥ ನಗೆ ಅಂತೀರಿ! ಮನೆಯ ಬೆಕ್ಕು ಮಾತಾಡಿತೇನೋ ಅನ್ನುವಂಥ ನಗೆ.

"ವೈನೀ, ಇದು ರೊಟ್ಟಿ ಬಡದಂಗಲ್ರೀ. ನೀವು ಇನ್ನೊಂದಿಷ್ಟು ಚಹಾ ಮಾಡ್ರಿ" ಅಂದರು ಗುಮಾಸ್ತರು.

ನಮ್ಮ ಮನೆಯವರು ನನ್ನ ಕಡೆ ನೋಡಿ "ನೀ ಸುಮ್ಮನಿರು" ಅಂದರು. ಆ ನಾಲ್ವರು ನಕ್ಕಿದ್ದಕ್ಕಿಂತ ಇದು ನನಗೆ ಹೆಚ್ಚು ಚುಚ್ಚಿತು. ಚಹಾ ಮಾಡಿದೆ. ಬೆಲ್ಲ ಹಾಕಿ ಮಾಡಿದೆ, ಹಾಲೂ ಒಡೆಯಿತು, ಸೋಸದೆ ಹಾಗೇ ಕೊಟ್ಟೆ. ಕುಡಿಯಲಿ!

ಆಮೇಲಿನ ರವಿವಾರಗಳ ಗೋಳು ಏನು ಹೇಳಲಿ. ಒಂದು ವಾರ ಗಂಟೆಯ ಸದ್ದು ವಿಲಾಯತಿಯಂತಿಲ್ಲ, ಒಂದು ವಾರ ಹಲಗೆಯ ಬಣ್ಣ ಗಾಢವಾಯಿತು, ಒಂದು ವಾರ ಗುಂಡು ಬಹಳ ಹೊಳೆಯುತ್ತದೆ. ಗುಂಡು ಹೊಳೆದರೆ ಇವರಿಗೇನು ಕಷ್ಟ? ಹೊಸದು ಹೊಳೆಯದೆ ಮತ್ತೇನು ಮಾಡುತ್ತದೆ? ನಡುನಡುವೆ ತಮ್ಮತಮ್ಮಲ್ಲೇ ವಾದ: ಅರ್ಧ ಎಳೆಯಬೇಕೋ ಮುಕ್ಕಾಲು ಎಳೆಯಬೇಕೋ, ಬಿಡುವಾಗ ಉಸಿರು ಹಿಡಿಯಬೇಕೋ ಬಿಡಬೇಕೋ. ಹೊತ್ತು ಮುಳುಗುವವರೆಗೆ ಇದೇ. ಕೊನೆಗೆ ಎದ್ದು ಹೋಗುವಾಗ ಚಪ್ಪಲಿ ಮೆಟ್ಟುತ್ತ ಅದೇ ಮಾತು: "ಎಲ್ಲಾ ಇರಲಿರಿ, ವಾಲೂದು ಮಾತ್ರ ತಗೀರಿ."

ನಮ್ಮ ಮನೆಯವರು ಮೊಳೆ ಕಿತ್ತು ಮತ್ತೆ ಹೊಡೆದರು. ಸ್ಪ್ರಿಂಗು ಬದಲಿಸಿದರು. ಕೊನೆಗೆ ರಸಮಟ್ಟವನ್ನೇ ಅನುಮಾನದಿಂದ ನೋಡತೊಡಗಿದರು. ತಿರುಗಿಸಿ ಇಡುವರು, ಬೆಳಕಿಗೆ ಹಿಡಿಯುವರು, ಒರೆಸಿ ಮತ್ತೆ ಇಡುವರು. ಅದು ಅವರ ತಂದೆಯ ಕಾಲದ ರಸಮಟ್ಟ. ಎಷ್ಟು ಮನೆಯ ಹೊಸ್ತಿಲು ಅದರಿಂದ ಕೂತಿವೆಯೋ. ಅದನ್ನು ಕಳ್ಳನ ಹಾಗೆ ತಪಾಸಣೆ ಮಾಡುತ್ತಿದ್ದರು.

"ಆ ನಳಗೀ ಸುಳ್ಳಲ್ರಿ. ನಾನೂ ಸುಳ್ಳು ಹೇಳಾಕತ್ತಿಲ್ಲ" ಅಂದೆ.

"ತಿಳದಾವರು ಹೇಳಾಕತ್ತಾರ. ಏನೋ ಇರಬೇಕು" ಅಂದರು.

ದೀಪಾವಳಿ ಹತ್ತಿರ ಬಂತು. ಒಂದು ಸಂಜೆ ನಾನು ನಳಕ್ಕೆ ನೀರಿಗೆ ಹೋಗಿ ಪಾಳಿ ಹಚ್ಚಿ ಬರುವಷ್ಟರಲ್ಲಿ ಅವರು ಗರಗಸ ಕೈಯಲ್ಲಿ ಹಿಡಿದು ಕೂತಿದ್ದರು. ಮೇಜಿನ ಎಡಗಡೆಯ ಎರಡೂ ಕಾಲು ಕೆಳಗಿನಿಂದ ಒಂದೊಂದು ಬಿಲ್ಲೆಯಷ್ಟು ಕೊಯ್ದಿದ್ದರು! ಕೈಯಾರೆ ಮಾಡಿದ್ದನ್ನು ಕೈಯಾರೆ ಕುಂಟು ಮಾಡಿದ್ದರು. ನನ್ನ ಕೈಯ ಕೊಡ ಅಲ್ಲೇ ಇಳಿಸಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಗರಗಸ ಒರೆಸಿ ಚೀಲಕ್ಕೆ ಹಾಕಿದರು.

ಆ ರವಿವಾರ ಪಂಡಿತರು ಬಂದು ಆಡಿದರು. ಗುಂಡು ನಡುವಿನ ಗುಳಿಗೆ ಬಿತ್ತು. ಗಂಟೆ ಹೊಡೆಯಿತು.

"ಹಾಂ! ಈಗ ನೆಟ್ಟಗಾತು ನೋಡ್ರಿ. ನಾವು ಮೊದಲ ದಿನಾನ ಹೇಳಿರಲಿಲ್ಲೇನು?" ಗುಮಾಸ್ತರ ಮುಖ ಊರಗಲ ಆಯಿತು. ಉಳಿದ ಮೂವರೂ ಹೌದ್ರಿ ಹೌದ್ರಿ ಅಂದರು. ನಮ್ಮ ಮನೆಯವರೂ ನಕ್ಕರು, ಬಹಳ ದಿನಗಳ ಮೇಲೆ. ನಾನು ನಗಲಿಲ್ಲ. ಮಾರನೆಯ ದಿನ ಅದರ ಮೇಲೆ ಆಡಿದೆ. ಗುಂಡು ಎಡಕ್ಕೆ ಎಡಕ್ಕೆ ಎಳೆಯುತ್ತಿತ್ತು. ಮನಸ್ಸಿಗೆ ಕೆಟ್ಟದೆನಿಸಿತು.

ಹೊಟೇಲಿಗೆ ಒಯ್ಯುವ ದಿನ ನಾನೂ ಹೊರಟೆ. ಹೊಸ ಸಾಮಾನು ಇಳಿಸಿದಲ್ಲಿ ಕುಂಕುಮ ಹಚ್ಚಿ ಕಾಯಿ ಒಡೆಯುವುದು ನಮ್ಮ ಕಡೆಯ ಪದ್ಧತಿ. ಅದನ್ನು ಗಂಡಸರ ಮೇಲೆ ಬಿಟ್ಟರೆ ಕುಂಕುಮ ಗಾಜಿಗೆ ಬಳಿಯುತ್ತಾರೆ. ಮೇಜು ಹೇರಿದ ಹಾತಗಾಡಿ ತಳ್ಳುವವನ ಪಕ್ಕದಲ್ಲಿ ನಮ್ಮ ಮನೆಯವರು "ಸಾವಕಾಶ ರೇ, ಸಾವಕಾಶ" ಅನ್ನುತ್ತ, ಹಿಂದೆ ನಾನು ತೆಂಗಿನಕಾಯಿ ಹಿಡಿದುಕೊಂಡು, ಲಕಡಿ ಪೂಲು ಅನ್ನುವ ಸೇತುವೆ ದಾಟಿ ಹೋದೆವು. ಹೊಟೇಲಿನಲ್ಲಿ ನಾಲ್ವರೂ ಮದುವೆ ಮನೆಯ ಹಿರಿಯರ ಹಾಗೆ ಕಾಯುತ್ತಿದ್ದರು. ಹಳೆಯ ಮೇಜು ಎಳೆದು ಹಾಕಿ ಅದೇ ಜಾಗದಲ್ಲಿ ಹೊಸದನ್ನು ನಿಲ್ಲಿಸಿದರು.

"ಪೂಜೆ ಆಮ್ಯಾಲ, ಮೊದಲ ಒಂದು ಕೈ ನೋಡೂಣು" ಎಂದು ಗುಮಾಸ್ತರು ಹಿಡಿಕೆ ಎಳೆದೇಬಿಟ್ಟರು. ಗುಂಡು ಮೇಲೆ ಹೋದದ್ದೇ, ಎಡಗಡೆಯ ಗೋಡೆ ಹಿಡಿದು ಜರ್ ಎಂದು ಕೆಳಗಿಳಿಯಿತು. ಇನ್ನೊಂದು ಗುಂಡು, ಅದೂ ಹಾಗೇ. ಮೊಳೆಗೂ ತಾಗಲಿಲ್ಲ, ಗುಳಿಗೂ ಬೀಳಲಿಲ್ಲ. ನೋಡುತ್ತ ನಿಂತ ಗಿರಾಕಿಗಳು ನಕ್ಕರು.

"ಇದೇನ್ರೀ ಇದು? ಹಾದ್ಯಾಗ ಕೆಡಿಸಿದ್ರೇನು? ನಿಮ್ಮ ಕೈಯಾಗ ಒಂದ ರೀತಿ ಕೆಲಸ ನಿಂದ್ರೂದಿಲ್ಲ ಬಿಡ್ರಿ!" ಅಂದರು ಗುಮಾಸ್ತರು.

ಮಾಲೀಕರು ಕೈ ಚೆಲ್ಲಿದರು. "ಇವರಿಗೆ ಸರಿ ಬರದಿದ್ದರೆ ನಾನು ಇಟ್ಟುಕೊಂಡು ಎಂತ ಮಾಡುದು ಮಾರಾಯ್ರೆ?"

ಉತ್ತರದ ಡಿಪೋ, ಬೀಗ ಹಾಕಿದ ಮನೆ, ಊರ ದಾರಿ ಹಿಡಿದ ನಾನು, ಎಲ್ಲ ನನ್ನ ಕಣ್ಣೆದುರು ಬಂತು. ಬಂದದ್ದು ಬಂದಾಯಿತು, ಪೂಜೆಯಾದರೂ ಆಗಲಿ ಎಂದು ಹಲ್ಲು ಕಚ್ಚಿ ಕಾಯಿಯನ್ನು ನೆಲಕ್ಕೆ ಬಡಿದೆ. ಅದರಲ್ಲಿ ನನ್ನ ಸಿಟ್ಟೆಲ್ಲ ಇತ್ತು, ಕಾಯಿ ಎರಡು ಹೋಳಾಗಿ ನೀರು ಚೆಲ್ಲಿತು.

ಚೆಲ್ಲಿದ ನೀರು ನಿಂತಲ್ಲಿ ನಿಲ್ಲಲಿಲ್ಲ. ಮೇಜಿನ ಕೆಳಗೆ ಹಾದು, ಸರಸರ ಎಡಕ್ಕೆ ಹರಿದು, ಗೋಡೆಯ ಬುಡದ ಮೋರಿಗೆ ಇಳಿಯಿತು.

ನಾನು ನೀರನ್ನು ನೋಡಿದೆ, ಮೇಜನ್ನು ನೋಡಿದೆ. ಸುತ್ತ ಊಟದ ಮೇಜುಗಳನ್ನು ನೋಡಿದೆ. ಒಂದೊಂದು ಮೇಜಿನ ಎಡಗಾಲಿಗೂ ಕಟ್ಟಿಗೆಯ ಚಕ್ಕೆ ಕೊಟ್ಟಿದ್ದರು.

"ಮಾಲಕರ, ನಿಮ್ಮ ನೆಲ ಎಡಕ್ಕ ಇಳಜಾರ ಅದ ಏನ್ರಿ?"

"ಉಂಟಮ್ಮ. ದಿನಾ ಬೆಳಿಗ್ಗೆ ನೀರು ಹೊಯ್ದು ತೊಳೆಯುವ ನೆಲ, ನೀರು ಹೋಗ್ಬೇಕಲ್ಲ? ಅದಕ್ಕೇ ಮೇಜಿಗೆಲ್ಲ ಚಕ್ಕೆ ಕೊಟ್ಟದ್ದು, ಇಲ್ಲದಿದ್ದರೆ ಕಾಫಿ ಚೆಲ್ಲುತ್ತದೆ."

"ಆ ಹಳೇ ಮೊಳೆಮೇಜಿಗೆ?"

"ಅದಕ್ಕೆ ಯಾಕೆ? ಅದರ ಮೇಲೆ ಕಾಫಿ ಇಡುವುದಿಲ್ಲವಲ್ಲ."

ಅಯ್ಯೋ ಶಿವನೇ! ಇಷ್ಟು ವರ್ಷ ಈ ಮಹಾಶಯರು ಆಡಿದ್ದು ಎಡಕ್ಕೆ ವಾಲಿದ ಮೇಜಿನ ಮೇಲೆ. ಕೈಯೆಲ್ಲ ಅದಕ್ಕೇ ತಿದ್ದಿ ಕೂತಿತ್ತು. ನೆಟ್ಟಗಿದ್ದ ಮೇಜು ಇವರಿಗೆ ಬಲಕ್ಕೆ ವಾಲಿದ ಹಾಗೆ ಕಂಡಿತು. ಅಳತೆ ತೆಗೆಯಲು ಹೋದ ನಮ್ಮ ಮನೆಯವರೂ ಹಳೆಯ ಮೇಜಿನ ಉದ್ದಗಲ ಬರೆದುಕೊಂಡರೇ ಹೊರತು ನೆಲವನ್ನು ನೋಡಿರಲಿಲ್ಲ. ಮೊದಲು ಮಾಡಿದ ಹಾಗೇ ತಂದು ಇಲ್ಲಿ ನಿಲ್ಲಿಸಿದ್ದರೆ ನೆಲದ ವಾಲು ತಾನೇ ಸೇರಿ ಇವರಿಗೆ ಹೇಗೆ ಬೇಕೋ ಹಾಗೇ ಆಗುತ್ತಿತ್ತು. ಕಾಲು ಕೊಯ್ಯಿಸಿದರು, ಒಂದಕ್ಕೆ ಎರಡು ವಾಲು ಮಾಡಿದರು.

ನಾನು ಬಾಯಿ ಬಿಟ್ಟೆ. ಹೊಟೇಲು ಅನ್ನಲಿಲ್ಲ, ಗಂಡಸರು ಅನ್ನಲಿಲ್ಲ. "ನಿಮ್ಮ ಕೈ ಸುಳ್ಳ ಹೇಳೂದಿಲ್ಲ ಅಂದ್ರಲ್ಲ, ನೋಡ್ರಿ ಈಗ, ನೀರು ಏನ ಹೇಳತದ ಕೇಳ್ರಿ! ಮಳಿಗಾಲ ಪೂರಾ ನಮ್ಮ ಮನೀ ಚಹಾ ಕುಡದು, ಮಾಡಿದಾವನ ಕೈಯಿಂದನ ಮೇಜಿನ ಕಾಲ ಕೊಯ್ಸಿದ್ರಿ. ಕಾಲ ಕೊಯ್ಯೂ ಮದಲ ಕಾಲ ಕೆಳಗ ಏನದ ಅಂತ ಒಬ್ರರೆ ಬಗ್ಗಿ ನೋಡಿದ್ರೇನು?"

ಒಳಗೆ ದೋಸೆ ಹುಯ್ಯುವವನೂ ಸೌಟು ಹಿಡಿದುಕೊಂಡು ಬಂದು ನಿಂತ. ಅರಿವೆ ವ್ಯಾಪಾರಿ ಪಾಪ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಆಗ ನಮ್ಮ ಮನೆಯವರು ಸಾಮಾನಿನ ಚೀಲಕ್ಕೆ ಕೈ ಹಾಕಿದರು. ಹೊರಗೆ ತೆಗೆದದ್ದು ಕೊಯ್ದ ಆ ಎರಡು ಬಿಲ್ಲೆಗಳು. ಒಗೆದಿರಲಿಲ್ಲ! ಅರಿವೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಮೊಣಕಾಲೂರಿ ಒಂದೊಂದನ್ನೂ ಅದರದರ ಕಾಲಿನ ಕೆಳಗೆ ಸರಿಸಿದರು.

"ಈಗ ಆಡ್ರಿ" ಅಂದರು.

ಗುಮಾಸ್ತರು ಎಳೆದರು. ಗುಂಡು ಮೊಳೆ ಮೊಳೆಗೂ ತಾಗುತ್ತ ಇಳಿದು ನಡುವಿನ ಗುಳಿಗೆ ಬಿತ್ತು. ಗಂಟೆ ಹೊಡೆಯಿತು. ಮತ್ತೆ ಎಳೆದರು, ಮತ್ತೆ ಗಂಟೆ. ಮಾಲೀಕರು "ಭಾರೀ ಲಾಯ್ಕ ಉಂಟು ಮಾರಾಯ್ರೆ" ಎಂದು ಚಪ್ಪಾಳೆ ತಟ್ಟಿದರು, ಹೊಸ ಹೊಟೇಲುಗಳಿಗೂ ಮಾಡಿಕೊಡಿ ಎಂದು ಅಲ್ಲೇ ಹೇಳಿದರು. ಗುಮಾಸ್ತರು ಏನಂದರು ಗೊತ್ತೇ? "ನೋಡ್ರಿ, ನಾವು ಬೆನ್ನ ಹತ್ತಿ ತಿದ್ದಿಸಿದ್ದಕ್ಕ ಈ ಹದಕ್ಕ ಬಂತು. ಮುಂದಿನ ಮೇಜೂ ನಾವ ನೋಡಿ ಪಾಸ್ ಮಾಡತೀವಿ." ಮುಖದಲ್ಲಿ ಒಂದಿಷ್ಟು ನಾಚಿಕೆ? ಎಳ್ಳಷ್ಟೂ ಇಲ್ಲ.

ತಿರುಗಿ ಬರುವಾಗ ಖಾಲಿ ಹಾತಗಾಡಿ ಮುಂದೆ ಗಡಗಡ ಹೋಯಿತು. ಇವರು ಹಗುರಾಗಿ ನಡೆಯುತ್ತಿದ್ದರು. "ನಾಳೆ ಕಾರ್ಖಾನೆಗೆ ಹೋಗಿ ಕೆಲಸ ಬ್ಯಾಡಂತ ಹೇಳಿ ಬರತೀನಿ" ಅಂದರು. ಆ ಮಾತಿಗಾಗಿ ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆ! ಕೇಳಿ ಸಂತೋಷಪಡಬೇಕೋ ಬೇಡವೋ? ಆದರೆ ಎದೆಯಲ್ಲಿ ಬೇರೇನೋ ಕುದಿಯುತ್ತಿತ್ತು. ಪೂಲಿನ ನಡುವೆ ಬಂದಾಗ ಕೇಳಿಯೇಬಿಟ್ಟೆ.

"ಆ ಬಿಲ್ಲಿ ಯಾಕ ಇಟಗೊಂಡಿದ್ರಿ?"

"ಮೇಜು ನೆಟ್ಟಗ ಅದ ಅಂತ ನನಗ ಗೊತ್ತಿತ್ತಲ್ಲ."

"ಗೊತ್ತಿದ್ದಮ್ಯಾಲ ಕೊಯ್ದದ್ದು ಯಾಕ?"

"ಅವರು ನಾಕು ಮಂದಿ ಇದ್ರು. ನಾ ಒಬ್ಬನ ಇದ್ದೆ."

"ಒಬ್ರ ಹೆಂಗ್ರಿ? ನಾ ಇರಲಿಲ್ಲೇನು?"

ಅವರು ನಿಂತುಬಿಟ್ಟರು. ಕೆಳಗೆ ಮುಠಾ ನದಿ ಹರಿಯುತ್ತಿತ್ತು. ನಾನು ನಿಲ್ಲಲಿಲ್ಲ. ಗಾಡಿಯ ಹಿಂದೆ ನಡೆದುಕೊಂಡು ಮನೆಗೆ ಬಂದೆ. ಆ ದಿನ ಮಾತಾಡಲಿಲ್ಲ, ಮಾರನೆಯ ದಿನವೂ ಮಾತಾಡಲಿಲ್ಲ. ಅನ್ನ ಬಡಿಸಿದೆ, ಅಷ್ಟೇ. ಅವರು ಕಾರ್ಖಾನೆಗೆ ಹೇಳಿ ಬಂದರು, ಹೊಸ ಹಲಗೆ ತಂದರು, ಕೆಲಸಕ್ಕೆ ಕೂತರು.

ಎರಡನೆಯ ಮೇಜು ಮುಗಿದ ರವಿವಾರ ನಾಲ್ವರು ಪಂಡಿತರು ಏನೂ ಆಗಿಲ್ಲವೆಂಬಂತೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ನಾನು ಪಾತ್ರೆಯಲ್ಲಿ ಚಹಾಕ್ಕೆ ನೀರಿಡಲು ಎದ್ದೆ. ನಮ್ಮ ಮನೆಯವರು ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡರು. ಹೊಸ್ತಿಲ ಹತ್ತಿರ ಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಹೊರಗ ಕೂಡ್ರಿ" ಅಂದರು. "ಒಳಗ ಇಕಿ ಆಡೂದು ಇನ್ನೂ ಮುಗದಿಲ್ಲ. ಇಕಿ ಸರಿ ಅದ ಅಂದಮ್ಯಾಲ ನಿಮ್ಮನ್ನ ಕರೀತೀನಿ."

ನನ್ನ ಸಿಟ್ಟು ಇಳಿದಿರಲಿಲ್ಲ. ಆದರೂ ಸೆರಗು ಸಿಕ್ಕಿಸಿಕೊಂಡು ಮೇಜಿನ ಮುಂದೆ ನಿಂತು ಹಿಡಿಕೆ ಎಳೆದೆ. ಆ ದಿನ ಸಂಜೆಯವರೆಗೂ ಆಡಿದೆ.